ಎಎಫ್‌ಪಿ ರಿಪೋರ್ಟ್: ಮೊದಲು ಮಗುವಿನ ವಯಸ್ಸು ನೋಡಿ

ರಿಪೋರ್ಟ್‌ನಲ್ಲಿ ಎಎಫ್‌ಪಿ (ಆಲ್ಫಾ ಫೀಟೋಪ್ರೋಟೀನ್ ಎಂಬ ರಕ್ತದ ಪ್ರೋಟೀನ್) 400 ಅಂತ ಇದೆ. ಪಕ್ಕದಲ್ಲಿ ನಾರ್ಮಲ್ ರೇಂಜ್ 10ರ ಒಳಗೆ ಎಂದು ಅಚ್ಚಾಗಿದೆ. ಜಾಸ್ತಿ ಅಲ್ವಾ? ಸಾಗರದಿಂದ ಬಂದ ಎರಡು ತಿಂಗಳ ಕೂಸಿನ ರಕ್ತವಾದರೆ ಇದು ಸಹಜವೇ ಇರಬಹುದು. ಹೊಸನಗರದ ಎರಡು ವರ್ಷದ ಮಗು, ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಗುತ್ತಿದೆ ಅಂದರೆ ಸುಮ್ನೆ ಬಿಡುವ ಹಾಗಿಲ್ಲ. ಅಚ್ಚಾದ ಆ ರೇಂಜ್ ದೊಡ್ಡವರದು.

ಆಲ್ಫಾ ಫೀಟೋಪ್ರೋಟೀನನ್ನು ಗರ್ಭದಲ್ಲಿರುವ ಶಿಶುವಿನ ಲಿವರ್ ಮತ್ತು ಯೋಕ್ ಸ್ಯಾಕ್ (ಭ್ರೂಣಕ್ಕೆ ಅಂಟಿಕೊಂಡಿರುವ ಚೀಲ) ತಯಾರಿಸುತ್ತವೆ. ತಿಂಗಳು ತುಂಬಿ ಹುಟ್ಟಿದ ಕೂಸಿನಲ್ಲಿ ಇದು ಮಿಲಿಲೀಟರಿಗೆ ಸರಾಸರಿ 48,000 ನ್ಯಾನೋಗ್ರಾಂ. ಎರಡು ತಿಂಗಳಿಗೆ 300ರ ಆಸುಪಾಸು. ಒಂದು ವರ್ಷದ ಹೊತ್ತಿಗೆ 10ರ ಕೆಳಗೆ. ತಿಂಗಳು ತುಂಬದೆ ಹುಟ್ಟಿದವರಲ್ಲಿ ಇನ್ನೂ ಜಾಸ್ತಿ.

ಮಕ್ಕಳ ಲಿವರ್ ಕ್ಯಾನ್ಸರ್‌ಗಳಲ್ಲಿ ಹೆಚ್ಚು ಕಾಣುವುದು ಹೆಪಟೋಬ್ಲಾಸ್ಟೋಮಾ, ಬಹುಪಾಲು 3 ವರ್ಷದೊಳಗೆ. ಅದರ ಕೋಶಗಳು ಭ್ರೂಣದ ಲಿವರ್ ಕೋಶಗಳನ್ನೇ ಹೋಲುತ್ತವೆ. ಹಾಗಾಗಿ ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಎಎಫ್‌ಪಿ ಏರುತ್ತದೆ, ಲಕ್ಷ ದಾಟುವುದೂ ಉಂಟು. ಆದರೆ ಯೋಕ್ ಸ್ಯಾಕ್ ಗಡ್ಡೆಯಲ್ಲೂ, ಟೈರೋಸಿನೀಮಿಯಾ ಎಂಬ ಹುಟ್ಟಿನಿಂದ ಬರುವ ಕಾಯಿಲೆಯಲ್ಲೂ ಏರುತ್ತದೆ. ಸ್ಕ್ಯಾನ್, ಬಯಾಪ್ಸಿ ಜೊತೆಗೇ ಓದಬೇಕು.

ಕಡಿಮೆ ಬಂದರೆ ನಿರಾಳ ಅಂದುಕೊಳ್ಳಬೇಡಿ. ಹೆಪಟೋಬ್ಲಾಸ್ಟೋಮಾ ಇದ್ದೂ ಎಎಫ್‌ಪಿ 100ಕ್ಕಿಂತ ಕೆಳಗಿದ್ದರೆ ಅದು ಹೆಚ್ಚು ಅಪಾಯದ ಗುಂಪು. ವೈವಾದಲ್ಲಿ ಕೇಳಲು ಹೇಳಿ ಮಾಡಿಸಿದ ಪ್ರಶ್ನೆ ಇದು. ಮಗುವನ್ನು ಆ ಗುಂಪಿಗೆ ಸೇರಿಸುವ ಮೊದಲು ಹುಕ್ ಎಫೆಕ್ಟ್ ಅಲ್ಲವೆಂದು ಖಚಿತ ಮಾಡಿಕೊಳ್ಳಿ. ಟೆಸ್ಟ್‌ನಲ್ಲಿ ಎರಡು ಆಂಟಿಬಾಡಿಗಳು ಒಂದೇ ಎಎಫ್‌ಪಿ ಅಣುವನ್ನು ಎರಡು ಕಡೆಯಿಂದ ಹಿಡಿಯಬೇಕು. ಎಎಫ್‌ಪಿ ವಿಪರೀತ ಇದ್ದರೆ ಒಂದೊಂದು ಆಂಟಿಬಾಡಿಗೂ ಬೇರೆ ಬೇರೆ ಅಣು ಅಂಟಿಕೊಂಡು ಜೋಡಿ ಆಗುವುದೇ ಇಲ್ಲ, ಮೆಷಿನ್ ಕಡಿಮೆ ತೋರಿಸುತ್ತದೆ. ಸ್ಕ್ಯಾನಿನಲ್ಲಿ ದೊಡ್ಡ ಗಡ್ಡೆ, ರಿಪೋರ್ಟ್‌ನಲ್ಲಿ ಸಣ್ಣ ನಂಬರ್? ಸ್ಯಾಂಪಲ್ ಡೈಲ್ಯೂಟ್ ಮಾಡಿ ಮತ್ತೆ ಹಾಕಿ.

ದೊಡ್ಡ ಮಕ್ಕಳ ಫೈಬ್ರೋಲ್ಯಾಮೆಲ್ಲರ್ ಎಂಬ ಲಿವರ್ ಕ್ಯಾನ್ಸರ್‌ನಲ್ಲಿ ಎಎಫ್‌ಪಿ ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತದೆ. ನೆನಪಿರಲಿ.

ಇನ್ನು ಫಾಲೋಅಪ್. ಎಎಫ್‌ಪಿ ಅರ್ಧಕ್ಕೆ ಇಳಿಯಲು 5ರಿಂದ 7 ದಿನ ಬೇಕು. 6 ದಿನ ಅಂತ ಹಿಡಿಯಿರಿ. ಗಡ್ಡೆ ಪೂರ್ತಿ ತೆಗೆದ ದಿನ 80,000 ಇದ್ದರೆ 24 ದಿನಕ್ಕೆ 5,000ದ ಹತ್ತಿರ ಬರಬೇಕು. ಕತ್ತರಿಸಿದ ಲಿವರ್ ಮತ್ತೆ ಬೆಳೆಯುವಾಗಲೂ ಸ್ವಲ್ಪ ಏರಬಹುದು. ಮತ್ತೆ ಮತ್ತೆ ಏರುತ್ತಲೇ ಹೋದರೆ ಗಡ್ಡೆ ಹುಡುಕಬೇಕು.

ನಮ್ಮ ಕಡೆ ಇಲ್ಲೊಂದು ತೊಡಕಿದೆ. ತೀರ್ಥಹಳ್ಳಿ ಕಡೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲದಲ್ಲಿ ಆಪರೇಷನ್ ಮಾಡಿಸಿ, ಆಮೇಲಿನ ರಕ್ತಪರೀಕ್ಷೆಗೆ ಶಿವಮೊಗ್ಗಕ್ಕೆ ಬರಬಹುದು. ಲ್ಯಾಬ್ ಬದಲಾದರೆ ಕಿಟ್ ಬದಲಾಗಬಹುದು, ಯೂನಿಟ್ ಕೂಡ. 1 ಇಂಟರ್‌ನ್ಯಾಷನಲ್ ಯೂನಿಟ್ ಅಂದರೆ ಸುಮಾರು 1.2 ನ್ಯಾನೋಗ್ರಾಂ. ಹೋಲಿಸುವ ಮೊದಲು ಹಳೇ ರಿಪೋರ್ಟಿನ ಯೂನಿಟ್, ವಿಧಾನ ಎರಡೂ ನೋಡಿ. ಬೇರೆಯಿದ್ದರೆ ಇಲ್ಲಿಯ ಮೊದಲ ನಂಬರನ್ನೇ ಹೊಸ ಬೇಸ್‌ಲೈನ್ ಅಂತ ಬರೆದುಕೊಳ್ಳಿ.