ನಗರ ಉಷ್ಣದ್ವೀಪ: ಹುಬ್ಬಳ್ಳಿ-ಧಾರವಾಡದಾಗ ಎಲ್ಲೆ ಕಾವು, ಎಷ್ಟೊತ್ತಿಗೆ ಕಾವು

ನಗರ ಉಷ್ಣದ್ವೀಪ, ಇಂಗ್ಲೀಷಿನ್ಯಾಗ ಅರ್ಬನ್ ಹೀಟ್ ಐಲ್ಯಾಂಡ್, ಅಂದ್ರ ಸುತ್ತಲಿನ ಹಳ್ಳಿಗಿಂತ ಊರು ಬಿಸಿ ಇರೂದು. ಪರೀಕ್ಷಾದಾಗ ಇಷ್ಟ ಬರದ್ರ ಎರಡು ಮಾರ್ಕ್ಸ್ ಬರ್ತಾವು, ದೊಡ್ಡ ಪ್ರಶ್ನೆ ಬಂದ್ರ ಊರೊಳಗ ಎಲ್ಲೆ, ಎಷ್ಟೊತ್ತಿಗೆ ಅನ್ನೂದು ಬರೀಬೇಕಾಗ್ತೈತಿ. 19ನೇ ಶತಮಾನದ ಶುರುವಿನ್ಯಾಗ ಹವಾಮಾನ ಅಭ್ಯಾಸ ಮಾಡ್ತಿದ್ದ ಲ್ಯೂಕ್ ಹೋವರ್ಡ್ ಲಂಡನ್ನಿನ ಲೆಕ್ಕಾ ತಗದಾಗ, ಹಳ್ಳಿಗಿಂತ ಊರು ರಾತ್ರಿ 3.7 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಇತ್ತು, ಹಗಲಿಗೆ ನೋಡಿದ್ರ 0.34 ಡಿಗ್ರಿ ತಂಪ ಇತ್ತು! ನಾವು ಮಾತ್ರ ಮಟಮಟ ಮಧ್ಯಾಹ್ನದ ಬಿಸಲು ನೆನಸ್ಕೊಂಡು ಉತ್ತರ ಬರೀತೀವಿ.

ಹುಬ್ಬಳ್ಳಿ ಪ್ಯಾಟಿಯ ದುರ್ಗದಬೈಲ್ ಸುತ್ತಲಿನ ಸಂದಿಗೋಳ್ನ ತಗೋರಿ. ಹಗಲಿಗೆ ಅಲ್ಲೆ ನೆರಳು ಸಿಗ್ತೈತಿ, ಬಿಸಲು ನೆಲಾ ಮುಟ್ಟೂದ ಸ್ವಲ್ಪ ಹೊತ್ತು, ಆದ್ರ ಗ್ವಾಡಿ, ಸ್ಲ್ಯಾಬು, ಡಾಂಬರು ಎಲ್ಲಾ ಸಂಜೀತನಕ ಕಾವು ಕುಡದು ಕುಂತಿರ್ತಾವು. ಹೊತ್ತು ಮುಳುಗಿದ ಮ್ಯಾಲೆ ಆ ಕಾವು ಇನ್ಫ್ರಾರೆಡ್ ಕಿರಣ ಆಗಿ ಮ್ಯಾಲೆ ಹೋಗಬೇಕು, ಆದ್ರ ಎದುರಾಬದುರು ಎತ್ತರದ ಮನಿ ಇದ್ರ ಆಕಾಶ ಕಾಣೂದ ಒಂದು ಪಟ್ಟಿಯಷ್ಟು, ಈ ಗ್ವಾಡಿ ಬಿಟ್ಟದ್ದನ್ನ ಆ ಗ್ವಾಡಿ ತಗೊಳ್ತೈತಿ, ಹಿಂಗಾಗಿ ಓಣಿ ಲಗೂನ ಆರಂಗಿಲ್ಲ. ಆಕಾಶ ಎಷ್ಟು ಕಾಣಸ್ತೈತಿ ಅಂತ ಅಳಿಯೂ ಅಳತಿಗೆ ಸ್ಕೈ ವ್ಯೂ ಫ್ಯಾಕ್ಟರ್ ಅಂತಾರ, ಪೂರಾ ಬಯಲಿಗೆ 1, ಸಂದಿ ಇಕ್ಕಟ್ಟಾದಂಗ ಸೊನ್ನಿ ಕಡೆ ಹೋಗ್ತೈತಿ. ಗೋಕುಲ ರೋಡಿನ ತಗಡಿನ ಶೆಡ್ಡುಗಳದು ಇದಕ್ಕ ಉಲ್ಟಾ ಕತಿ, ಹಗಲಿಗೆ ಕೈ ಇಡಾಕ ಆಗಂಗಿಲ್ಲ, ಆದ್ರ ತಗಡು ತೆಳ್ಳಗ, ಕಾವು ಕೂಡಿಡಾಕ ಅದರಾಗ ದಮ್ಮಿಲ್ಲ, ಕತ್ತಲಾಗೂದರಾಗ ಆರಿರ್ತೈತಿ. ಬಿಸಿ ಇದ್ದಲ್ಲೆ ಕೆಂಪು ತೋರಸೂ ಹಗಲಿನ ಮ್ಯಾಪಿನ್ಯಾಗ ಶೆಡ್ಡು ಕೆಂಪು, ರಾತ್ರಿ ಮ್ಯಾಪಿನ್ಯಾಗ ಪ್ಯಾಟಿ ಕೆಂಪು, ಎರಡೂ ಖರೇನ. ಗಾಳಿ ಇಲ್ಲದ, ಮಾಡ ಇಲ್ಲದ ರಾತ್ರಿ ಊರಿಗೂ ಹಳ್ಳಿಗೂ ಫರಕು ಹೆಚ್ಚು, ಗಾಳಿ ಬಿಟ್ರ ಎಲ್ಲಾ ಕಲಸಿಹೋಗ್ತೈತಿ.

ಗಿಡಾ ಇದ್ದಲ್ಲೆ ತಂಪು ಯಾಕಂದ್ರ ನೆರಳಷ್ಟ ಅಲ್ಲ, ಎಲಿಯಿಂದ ಒಂದು ಲೀಟರ್ ನೀರು ಆವಿ ಆಗಾಕ ಸುಮಾರು 24 ಲಕ್ಷ ಜೂಲ್ ಶಕ್ತಿ ಬೇಕು, ಅಷ್ಟು ಶಕ್ತಿ ಗಾಳಿ ಕಾಸೂದು ತಪ್ತೈತಿ. ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಂಥಾ ಜಾಗಾಕ್ಕ ಇದ ಲೆಕ್ಕ. ಉಣಕಲ್ ಕೆರಿ ಹಗಲಿಗೆ ತಂಪು ಖರೇ, ಆದ್ರ ನೀರು ನಿಧಾನ ಆರ್ತೈತಿ, ರಾತ್ರಿ ಸುತ್ತಲಿನ ಮಣ್ಣಿಗಿಂತ ನೀರ ಬೆಚ್ಚಗಿರ್ತೈತಿ.

ಈಗ ಎಲ್ಲಾರೂ ಗೊಂದಲ ಮಾಡ್ಕೊಳ್ಳೂದು ಸ್ಯಾಟಲೈಟ್ ಮ್ಯಾಪಿನ್ಯಾಗ. ಲ್ಯಾಂಡ್‌ಸ್ಯಾಟ್ ಅನ್ನೂ ಉಪಗ್ರಹ ಅಳಿಯೂದು ಗಾಳಿ ಬಿಸಿ ಅಲ್ಲ, ನೆಲದ ಮ್ಯಾಲ್ಮೈ ಬಿಸಿ, ಅದೂ ಮುಂಜಾನೆ ಹತ್ತರ ಆಚೀಚೆ. ಏಪ್ರಿಲ್-ಮೇದಾಗ ಹಿಂಗಾರಿ ಸುಗ್ಗಿ ಮುಗದು ನವಲಗುಂದ ಕಡೆ ಎರಿ ಹೊಲ ಬೋಳ ಬಿದ್ದಿರ್ತಾವು, ಕರಿ ಮಣ್ಣು, ಹಸಿ ಇಲ್ಲ, ಬೆಳಿ ಇಲ್ಲ, ಹಿಂಗಾಗಿ ಊರಿಗಿಂತ ಹೊಲಾನ ಕೆಂಪಗ ಕಾಣಸ್ತೈತಿ. ಸಾಫ್ಟ್‌ವೇರ್ ಕೆಟ್ಟೈತಿ ಅಂತ ಅಳಿಸಿ ಮತ್ತ ಮಾಡಬ್ಯಾಡ್ರಿ, ಭಾರತದ ಒಣ ಭೂಮಿ ಊರುಗಳಾಗ ಬ್ಯಾಸಗಿ ಹಗಲಿಗೆ ಇದು ಕಾಣೂದ, ಶೀತದ್ವೀಪ, ಅಂದ್ರ ಸುತ್ತಲಿಗಿಂತ ಊರು ತಂಪು, ಅಂತ ಬರೀರಿ. ಅದ ಹೊಲದಾಗ ಹತ್ತಿ ಹಸರು ನಿಂತಾಗ ನೋಡಿದ್ರ ಊರು ಮತ್ತ ಕೆಂಪಾಗ್ತೈತಿ. ಊರು ಅಷ್ಟ ಐತಿ, ಹೋಲಸೂ ಹೊಲ ಬದಲಾತು.

ಧಾರವಾಡ ತಂಪು, ಹುಬ್ಬಳ್ಳಿ ಬಿಸಿ, ಇದು ಪೂರಾ ಉಷ್ಣದ್ವೀಪದ ಪ್ರಭಾವ ಅಂತ ಬರದ್ರ ಮಾತ್ರ ಮಾರ್ಕ್ಸ್ ಹೋಗ್ತಾವು. ಧಾರವಾಡ ಹುಬ್ಬಳ್ಳಿಗಿಂತ ಅಂದಾಜು 100 ಮೀಟರ್ ಎತ್ತರದಾಗ ಐತಿ, ಮ್ಯಾಲೆ ಏರಿದಂಗ ಕಿಲೋಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ತಂಪಾಗೂ ಲೆಕ್ಕದಾಗ ಅರ್ಧ ಡಿಗ್ರಿಗಿಂತ ಹೆಚ್ಚಿನ ಫರಕು ಬರೇ ಎತ್ತರದಿಂದ ಬಂತು. ಅದನ್ನ ಮೊದಲ ಕಳೀರಿ, ಉಳದದ್ದರಾಗ ಮಲೆನಾಡಿನ ಸೆರಗಿನ ಗಾಳಿ ಎಷ್ಟು, ಕಾಂಕ್ರೀಟ್ ಎಷ್ಟು ಅಂತ ಆಮ್ಯಾಲೆ ಜಗಳಾಡೋಣು.