ಕೊನೆಯ ಹಲ್ಲಿನ ಆಸೆ

ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದವರಿಗೆ ನಾಲ್ಕು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಮೇಲೆ ಪೂರ್ತಿ ಸಾಲು ಕೂರಿಸಬಹುದು ಎಂದ ಕೂಡಲೇ ಬರುವ ಮಾತು: "ನಾಲ್ಕೇ ಸಾಕಾ ಡಾಕ್ಟ್ರೇ? ಆರು ಹಾಕಿಬಿಡಿ." ಎಣಿಕೆಗಿಂತ ಮುಖ್ಯವಾದದ್ದು, ಕೊನೆಯ ಇಂಪ್ಲಾಂಟಿನಿಂದಾಚೆ ಹಲ್ಲಿನ ಸಾಲು ಎಷ್ಟು ಮಿಲಿಮೀಟರ್ ಆಧಾರವಿಲ್ಲದೆ ಚಾಚಿದೆ ಎಂಬುದು.

ಕೆಳತುಟಿಗೆ ಸ್ಪರ್ಶ ಕೊಡುವ ನರ ಗದ್ದದ ಎರಡೂ ಪಕ್ಕ ಒಂದೊಂದು ರಂಧ್ರದಿಂದ ಹೊರಬರುತ್ತದೆ. ಅದರ ಹಿಂದೆ ನರ ಮೂಳೆಯೊಳಗೇ ಸಾಗುತ್ತದೆ. ಹಲ್ಲು ಹೋಗಿ ವರ್ಷಗಳಾದವರಲ್ಲಿ ಅಲ್ಲಿನ ಮೂಳೆ ಸವೆದು, ನರದ ಮೇಲೆ ಇಂಪ್ಲಾಂಟಿಗೆ ಸಾಮಾನ್ಯವಾಗಿ ಜಾಗ ಉಳಿದಿರುವುದಿಲ್ಲ. ಹಾಗಾಗಿ ಆಧಾರವೆಲ್ಲ ಮುಂದೆ, ಅಗಿಯುವ ಕೆಲಸ ಹಿಂದೆ.

ಬಾವಿಯ ಏತ ನೆನೆಯಿರಿ. ಚಾಚಿದ ತುದಿಯಲ್ಲಿ ಕಚ್ಚಿದಾಗ ಹಿಂದಿನ ಇಂಪ್ಲಾಂಟೇ ನಡುಗಂಬ. ಮುಂದಿನದು ಮೇಲಕ್ಕೆ ಎಳೆಸಿಕೊಳ್ಳುತ್ತದೆ. ಮುಂದಿನ ಮತ್ತು ಹಿಂದಿನ ಇಂಪ್ಲಾಂಟಿನ ಅಂತರ 10 ಮಿ.ಮೀ. ಇರಲಿ. ಅಷ್ಟೇ ಹಿಂದಕ್ಕೆ 10 ಕೆ.ಜಿ. ಭಾರ ಬಿದ್ದರೆ ಹಿಂದಿನದರ ಮೇಲೆ 20 ಕೆ.ಜಿ. ಒತ್ತಡ, ಮುಂದಿನದಕ್ಕೆ 10 ಕೆ.ಜಿ. ಸೆಳೆತ. 20 ಮಿ.ಮೀ. ಹಿಂದೆ ಕಚ್ಚಿದರೆ ಕ್ರಮವಾಗಿ 30 ಮತ್ತು 20. ಲೆಕ್ಕ ಒರಟು, ದಿಕ್ಕು ಸರಿ. ಇಂಪ್ಲಾಂಟುಗಳಿಗೆ ಸ್ಕ್ರೂನಿಂದ ಬಿಗಿದು ಹಲ್ಲಿನ ಸಾಲನ್ನು ಹೊರುವ ಪಟ್ಟಿಯೇ ಬಾರ್. ಬಾರ್‌ನ ಬಾಗುವಿಕೆ ಇನ್ನೂ ಕಟು: ಚಾಚು ಇಮ್ಮಡಿಯಾದರೆ ಎಂಟು ಪಟ್ಟು, ಬಾರ್‌ನ ಎತ್ತರ ಅರ್ಧವಾದರೂ ಎಂಟು ಪಟ್ಟು.

ಚಾಚು ಆ ಮುಂದು–ಹಿಂದಿನ ಅಂತರದ ಒಂದೂವರೆ ಪಟ್ಟು ಮೀರಬಾರದು ಎಂಬುದು ಹಳೆಯ ಅಳತೆ. ಅದು ಗರಿಷ್ಠ ಮಿತಿ, ಗುರಿಯಲ್ಲ. ರಾತ್ರಿ ಹಲ್ಲು ಕಡಿಯುವವರಿಗೆ, ಮೇಲೆ ಸ್ವಂತ ಹಲ್ಲೇ ಇರುವವರಿಗೆ ಇನ್ನೂ ಕಡಿಮೆ ಮಾಡಬೇಕು. ದವಡೆಯ ಮುಂಭಾಗ ಚಪ್ಪಟೆಯಾಗಿದ್ದರೆ ನಾಲ್ಕೂ ಇಂಪ್ಲಾಂಟ್ ಒಂದೇ ಗೆರೆಗೆ ಬರುತ್ತವೆ. ಅದೇ ಗೆರೆಯಲ್ಲಿ ಇನ್ನೆರಡು ತುರುಕಿದರೆ ಖರ್ಚು ಹೆಚ್ಚೀತು, ಅಂತರ ಹೆಚ್ಚದು.

ಲಿಸ್ಬನ್ನಿನ ಪಾವ್ಲೊ ಮಾಲೊ ತಂಡ 2003ರಲ್ಲಿ ಪ್ರಕಟಿಸಿದ ವಿಧಾನದ ಜಾಣ್ಮೆ ಇಲ್ಲೇ ಇದೆ. ಹಿಂದಿನ ಎರಡು ಇಂಪ್ಲಾಂಟನ್ನು ಸುಮಾರು 30ರಿಂದ 45 ಡಿಗ್ರಿ ಓರೆಯಾಗಿ ಹಾಕಿದರೆ ಬುಡ ನರಕ್ಕಿಂತ ಮುಂದೆಯೇ ಉಳಿದು ತಲೆ ಹಿಂದಕ್ಕೆ ಬರುತ್ತದೆ. ಅಷ್ಟೂ ಚಾಚು ಕಡಿಮೆಯಾಯಿತು. ಓರೆ ಇಂಪ್ಲಾಂಟ್ ಒಂಟಿಯಾಗಿ ನಿಂತರೆ ಬಾಗಿ, ಅದರ ಕುತ್ತಿಗೆಯ ಸುತ್ತಲಿನ ದವಡೆ ಮೂಳೆಗೆ ಹೊರೆ. ಗಟ್ಟಿ ಬಾರ್‌ನಿಂದ ನಾಲ್ಕನ್ನೂ ಬಿಗಿದರೆ ಆ ಬಾಗುವಿಕೆ ಹಿಡಿತಕ್ಕೆ ಬರುತ್ತದೆ.

ಬಾರ್ ಸರಿಯಾಗಿ ಕೂರದಿದ್ದರೆ ಇದೆಲ್ಲ ವ್ಯರ್ಥ. ಸ್ವಂತ ಹಲ್ಲಿಗೆ ಬೇರಿನ ಸುತ್ತ ನಾರಿನ ಮೆತ್ತೆ ಇದೆ, ತುಸು ಹೊಂದಿಕೊಳ್ಳುತ್ತದೆ. ಇಂಪ್ಲಾಂಟಿಗೆ ಅದಿಲ್ಲ. ಒಂದು ತುದಿಯ ಸ್ಕ್ರೂ ಮಾತ್ರ ಬಿಗಿದು ಇನ್ನೊಂದು ತುದಿ ನೋಡಬೇಕು. ಅಲ್ಲಿ ಕೂದಲೆಳೆಯಷ್ಟು ಎದ್ದರೂ ಬಾರ್ ವಾಪಸ್ ಲ್ಯಾಬಿಗೆ. ಸ್ಕ್ರೂ ಬಲದಿಂದ ಎಳೆದು ಕೂರಿಸಿದರೆ ಆ ಸೆಳೆತ ಹಗಲೂ ರಾತ್ರಿ ಉಳಿಯುತ್ತದೆ. ಬಿಗಿತವನ್ನು ಕೈಯಂದಾಜಿಗೆ ಬಿಡದೆ ಟಾರ್ಕ್ ರೆಂಚಿನಿಂದ (ತಿರುಚುವ ಬಲ ಅಳೆಯುವ ಕೀಲಿ), ತಯಾರಕರು ಹೇಳಿದಷ್ಟೇ ಕೊಟ್ಟು, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಅಷ್ಟೇ ಕೊಡಬೇಕು.

ಇಂಪ್ಲಾಂಟ್ ಹಾಕಿದ ದಿನವೇ ಕೂರಿಸುವ ತಾತ್ಕಾಲಿಕ ಅಕ್ರಿಲಿಕ್ ಸಾಲಿನಲ್ಲಿ ಚಾಚು ಇಲ್ಲದಿದ್ದರೇ ಒಳ್ಳೆಯದು. "ಹಿಂದೆ ಹಲ್ಲೇ ಇಲ್ವಲ್ಲ" ಎಂಬ ದೂರು ಬರುತ್ತದೆ, ಬರಲಿ. ಮೂಳೆ ಬೆಸೆಯುವ ತಿಂಗಳುಗಳಲ್ಲಿ ಇಂಪ್ಲಾಂಟ್ 0.15 ಮಿ.ಮೀ.ಗಿಂತ ಹೆಚ್ಚು ಅಲುಗಿದರೆ ಸುತ್ತ ಮೂಳೆಯ ಬದಲು ನಾರು ಬೆಳೆಯುತ್ತದೆ. ಮುದ್ದೆ ಉಣ್ಣಿ (ಅದನ್ನು ಹೇಗೂ ಅಗಿಯುವುದಿಲ್ಲ), ಚಕ್ಕುಲಿ ಬೇಡ.

ಮುಂದೆಂದಾದರೂ ಮುಂಭಾಗದ ಸ್ಕ್ರೂ ಪದೇ ಪದೇ ಸಡಿಲವಾದರೆ ಬಿಗಿದು ಕಳಿಸಬೇಡಿ. ಗುರುತು ಬೀಳಿಸುವ ಬಣ್ಣದ ಕಾಗದ ಕಚ್ಚಿಸಿ, ಚಾಚಿದ ತುದಿಯ ಹಲ್ಲಿನ ಮೇಲೆ ಗುರುತು ಎಷ್ಟು ದಟ್ಟವಾಗಿ ಬಿದ್ದಿದೆ ನೋಡಿ. ಅಲ್ಲಿ ತೇಯ್ದು ಹಗುರ ಮಾಡಿದ ಮೇಲೆ ಹೊಸ ಸ್ಕ್ರೂ ಹಾಕಿ.