ಅಡ್ರಿನಲ್ ಗಡ್ಡೆ: ಸೂಜಿ ಚುಚ್ಚುವ ಮುನ್ನ

ಹೊಟ್ಟೆನೋವೆಂದು ಸಿ.ಟಿ. ಸ್ಕ್ಯಾನ್ ಮಾಡಿಸಿದವರು ರಿಪೋರ್ಟ್ ಹಿಡಿದು ಗಾಬರಿಯಲ್ಲಿ ಬರುತ್ತಾರೆ. ನೋವಿಗೆ ಕಾರಣ ಪಿತ್ತಕೋಶದ ಕಲ್ಲು. ಆದರೆ ಕೊನೆಯ ಸಾಲಿನಲ್ಲಿ ‘ಎಡ ಅಡ್ರಿನಲ್‌ನಲ್ಲಿ 2 ಸೆಂ.ಮೀ. ಗಡ್ಡೆ’ ಎಂದಿರುತ್ತದೆ. ‘ಕ್ಯಾನ್ಸರಾ ಡಾಕ್ಟ್ರೇ?’

ಬಹುಪಾಲು ಅಲ್ಲ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧಿ) ಹಾಕದ ಸಿ.ಟಿ.ಯಲ್ಲಿ ಗಡ್ಡೆ ಎಲ್ಲೆಡೆ ಒಂದೇ ಸಮನಾಗಿದ್ದು, ಸಾಂದ್ರತೆ 10 ಹೌನ್ಸ್‌ಫೀಲ್ಡ್ ಯೂನಿಟ್ (ಸಿ.ಟಿ.ಯಲ್ಲಿ ಸಾಂದ್ರತೆ ಅಳೆಯುವ ಮಾನ) ದಾಟಿರದಿದ್ದರೆ ಆ ಭಯ ಬಿಡಬಹುದು. ಅಷ್ಟಕ್ಕೇ ಫೈಲ್ ಮುಚ್ಚುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಈ ಪುಟ್ಟ ಗ್ರಂಥಿಯ ಕೆಲಸವೇ ಹಾರ್ಮೋನ್ ತಯಾರಿಸುವುದು. ಅಲ್ಲಿ ಬೆಳೆದ ಗಡ್ಡೆಯೂ ಅದೇ ಕೆಲಸವನ್ನು ಹಿಡಿತವಿಲ್ಲದೆ ಮಾಡುತ್ತಿರಬಹುದು.

ನನಗೆ ಹೆಚ್ಚು ಭಯ ಫಿಯೋಕ್ರೋಮೋಸೈಟೋಮಾದ್ದು. ಅಡ್ರಿನಲಿನ್, ನಾರ್‌ಅಡ್ರಿನಲಿನ್ ಸುರಿಸುವ ಗಡ್ಡೆ ಇದು. ಇದ್ದಕ್ಕಿದ್ದಂತೆ ತಲೆನೋವು, ಬೆವರು, ಎದೆಬಡಿತ ಬಂದುಹೋಗುತ್ತವೆ. ಎಷ್ಟೋ ಜನರಲ್ಲಿ ಯಾವ ಸುಳಿವೂ ಇರುವುದಿಲ್ಲ. ಸಾಂದ್ರತೆ 10 ದಾಟಿದ ಗಡ್ಡೆಗೆ ರಕ್ತದಲ್ಲೋ ಮೂತ್ರದಲ್ಲೋ ಮೆಟಾನೆಫ್ರಿನ್ (ಈ ಹಾರ್ಮೋನ್‌ಗಳು ಒಡೆದಾಗ ಉಳಿಯುವ ವಸ್ತು) ನೋಡದೆ ಯಾರೂ ಬಯಾಪ್ಸಿಯ ಸೂಜಿ ಚುಚ್ಚಬಾರದು. ಚುಚ್ಚಿದ ಕ್ಷಣಕ್ಕೆ ಬಿಪಿ ಏರಿ ಪ್ರಾಣಕ್ಕೇ ಕುತ್ತು ಬಂದೀತು. ಆಪರೇಷನ್‌ಗೂ ಮುಂಚೆ 7ರಿಂದ 14 ದಿನ ಆಲ್ಫಾ ಬ್ಲಾಕರ್ ಕೊಟ್ಟು ರಕ್ತನಾಳಗಳನ್ನು ಸಡಿಲಿಸಬೇಕು. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಬೇಕಾದರೆ ಅದರ ನಂತರವೇ. ಈ ಕ್ರಮ ತಿರುವುಮುರುವಾದರೆ ಬಿಪಿ ಇನ್ನೂ ಏರುತ್ತದೆ.

ಬಿಪಿ ಇರುವವರಲ್ಲಿ, ಅಥವಾ ಪೊಟ್ಯಾಸಿಯಂ ಇಳಿದವರಲ್ಲಿ, ದೇಹದಲ್ಲಿ ಉಪ್ಪು ಹಿಡಿದಿಡುವ ಅಡ್ರಿನಲ್ ಹಾರ್ಮೋನ್ ಆಲ್ಡೋಸ್ಟೆರಾನ್ ಮತ್ತು ಅದನ್ನು ನಿಯಂತ್ರಿಸುವ, ಮೂತ್ರಪಿಂಡದ ರೆನಿನ್ ಕೂಡ ನೋಡುತ್ತೇವೆ.

ಹೆಚ್ಚಾಗಿ ಸಿಗುವುದು ಅಡ್ರಿನಲ್‌ನ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್ ಸ್ವಲ್ಪ ಹೆಚ್ಚು ಸುರಿಸುವ ಗಡ್ಡೆ. ಕಾರ್ಟಿಸಾಲ್ ತೀರಾ ಹೆಚ್ಚಾದಾಗ ಬರುವ ದುಂಡು ಮುಖ, ಹೊಟ್ಟೆಯ ಮೇಲೆ ನೇರಳೆ ಗೀರು ಇವರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಸಕ್ಕರೆ, ಬಿಪಿ ಹತೋಟಿಗೆ ಬರುತ್ತಿಲ್ಲ, ಮೂಳೆ ಸವೆದಿದೆ ಎಂದಷ್ಟೇ ದೂರು. ‘ವಯಸ್ಸಾಯ್ತಲ್ಲ’ ಎಂಬ ಸಮಾಧಾನ. ಪರೀಕ್ಷೆ ಸರಳ: ರಾತ್ರಿ 11ಕ್ಕೆ 1 ಮಿ.ಗ್ರಾಂ ಡೆಕ್ಸಾಮೆಥಾಸೋನ್ ನುಂಗಿ, ಬೆಳಗ್ಗೆ 8ಕ್ಕೆ ರಕ್ತ ಕೊಡುವುದು. ಕಾರ್ಟಿಸಾಲ್‌ನಂತೆಯೇ ವರ್ತಿಸುವ ಈ ಮಾತ್ರೆ ಕಂಡು ಮೆದುಳು ‘ಸಾಕು’ ಎನ್ನುತ್ತದೆ, ಆರೋಗ್ಯವಂತ ಗ್ರಂಥಿ ಕಾರ್ಟಿಸಾಲ್ ತಗ್ಗಿಸುತ್ತದೆ. ಕಾರ್ಟಿಸಾಲ್ ಪ್ರತಿ ಡೆಸಿಲೀಟರ್ ರಕ್ತದಲ್ಲಿ 1.8 ಮೈಕ್ರೋಗ್ರಾಂಗಿಂತ ಹೆಚ್ಚು ಉಳಿದಿದ್ದರೆ ಗಡ್ಡೆ ಮೆದುಳಿನ ಮಾತು ಕೇಳುತ್ತಿಲ್ಲವೆಂಬ ಅನುಮಾನ. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಈ ಅಂಕಿ ಸುಳ್ಳೇ ಏರಿರಬಹುದು, ಆದ್ದರಿಂದ ಯಾವ ಮಾತ್ರೆಯನ್ನೂ ಮುಚ್ಚಿಡಬೇಡಿ.

ಕಾರ್ಟಿಸಾಲ್ ಗಡ್ಡೆ ತೆಗೆಸಿಕೊಂಡವರಿಗೆ ನಾನು ಒತ್ತಿ ಹೇಳುವುದೊಂದಿದೆ. ಇಷ್ಟು ದಿನ ಕೆಲಸವಿಲ್ಲದೆ ನಿದ್ದೆಹೋಗಿದ್ದ ಇನ್ನೊಂದು ಬದಿಯ ಗ್ರಂಥಿ ಏಳಲು ತಿಂಗಳುಗಳೇ ಬೇಕಾಗಬಹುದು. ಅಲ್ಲಿಯತನಕ ಕಾರ್ಟಿಸಾಲ್‌ನ ಜಾಗ ತುಂಬುವ ಹೈಡ್ರೋಕಾರ್ಟಿಸೋನ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು. ಜ್ವರ ಬಂದರೆ ಡೋಸ್ ಏರಿಸಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಡಮಾಡದೆ ಇಂಜೆಕ್ಷನ್‌ಗೆ ಆಸ್ಪತ್ರೆಗೆ ಹೋಗಬೇಕು.